ಕಿಟಕಿಯಿಲ್ಲದ ಕೋಣೆಯಲ್ಲಿ ಬೀಗಿತ್ತಿಯೊಡನೆ ಸಮುದ್ರಯಾನ

ಸಿಂಗಪುರ, ಹತ್ತುವ ಮೊದಲು

ದೂರದಿಂದ ನೋಡಿದಾಗ ಅದು ಹಡಗಿನ ಹಾಗೆ ಕಾಣಲೇ ಇಲ್ಲ. ಯಾರೋ ಒಂದು ಇಡೀ ಬೀದಿಯನ್ನು ಎತ್ತಿ ತಂದು ನೀರಿನ ಮೇಲೆ ನಿಲ್ಲಿಸಿದ್ದಾರೆ, ಮನೆಯ ಮೇಲೆ ಮನೆ, ದೀಪದ ಮೇಲೆ ದೀಪ ಇಟ್ಟಿದ್ದಾರೆ ಅನ್ನಿಸಿತು. ಸಂಜೆಯ ಮಬ್ಬಿನಲ್ಲಿ ಅದು ಸಣ್ಣಗೆ ತೂಗುತ್ತಿತ್ತೋ, ನನ್ನ ಕಣ್ಣೇ ತೂಗುತ್ತಿತ್ತೋ ಹೇಳಲಾರೆ. ವಿಮಾನದಲ್ಲಿ ಇಬ್ಬರಿಗೂ ನಿದ್ದೆ ಬಂದಿರಲಿಲ್ಲ. ನಿದ್ದೆಗೆಟ್ಟವರಿಗೆ ಎಲ್ಲ ಊರೂ ಅರ್ಧ ಕನಸಿನಲ್ಲೇ ಇರುತ್ತದೆ.

"ಇದು ಮುಳುಗಕಿಲ್ವಾ?" ಎಂದರು ನನ್ನ ಬೀಗಿತ್ತಿ ಚಿಕ್ಕತಾಯಮ್ಮ.

"ಇಲ್ಲ ತಾಯಕ್ಕ, ತೇಲ್ತದೆ."

"ಇಷ್ಟು ಕಬ್ಬಿಣ ಆಕವ್ರೆ, ಎಂಗ್ ತೇಲ್ತದೆ?"

"ಅದರ ಲೆಕ್ಕವೇ ಬೇರೆ ಕಣಕ್ಕ."

"ನೀನ್ ಬುಡು ಭಾಗ್ಯವ್ವ, ಯಾಪಾರದೋಳು. ರುಬ್ಬೋ ಗುಂಡೂ ತೇಲ್ತದೆ ಅಂತ ಮಾರ್ಬುಡ್ತೀಯ."

ಚಿಕ್ಕತಾಯಮ್ಮ ನನ್ನ ಮಗಳು ಸವಿತಾಳ ಅತ್ತೆ. ನಮ್ಮ ಮಂಡ್ಯ ಸೀಮೆಯ ಕೊಪ್ಪದವರು. ಭತ್ತ, ಕಬ್ಬು, ಹಸುಗಳು, ಇವುಗಳ ನಡುವೆಯೇ ಅರವತ್ತು ದಾಟಿದವರು. ನಾನು ಮದ್ದೂರಿನಲ್ಲಿ ಕಲ್ಯಾಣ ಮಂಟಪ ನಡೆಸುವವಳು. ಮೊದಲು ಮದುವೆ ಮನೆಗಳಿಗೆ ಒಬ್ಬಟ್ಟು ತಟ್ಟಿಕೊಡುತ್ತಿದ್ದೆ. ಆಮೇಲೆ ಪಾತ್ರೆಗಳನ್ನು ಬಾಡಿಗೆಗೆ ಕೊಟ್ಟೆ, ಆಮೇಲೆ ಶಾಮಿಯಾನ, ಕೊನೆಗೆ ಮಂಟಪವನ್ನೇ ಕಟ್ಟಿಸಿದೆ. ಚೌಕಾಶಿ ಮಾಡದೆ ಒಂದು ಸೌಟನ್ನೂ ಕೊಂಡವಳಲ್ಲ.

ಸವಿತಾಳ ಮದುವೆ ನಮ್ಮ ಮಂಟಪದಲ್ಲೇ ನಡೆಯಿತು. ಮಾರನೆಯ ದಿನ ಬೀಗಿತ್ತಿ ತಮ್ಮೂರ ಹಾಲಿನ ಡೈರಿಯ ಮುಂದೆ ನಿಂತು ಹೇಳಿದ ಒಂದು ಮಾತು ಕೊಪ್ಪದಲ್ಲಿ ಈಗಲೂ ಉಸಿರಾಡುತ್ತಿದೆ: "ಬೀಗರದು ಎಲ್ಲಾ ಚಂದಾಗಿತ್ತು, ಸಾರ್ ಮಾತ್ರ ತೆಳ್ಳಗಿತ್ತು." ಮಂಟಪ ನಡೆಸುವವಳಿಗೆ ಇದಕ್ಕಿಂತ ದೊಡ್ಡ ಏಟು ಯಾವುದಿದೆ? ಬೀಗರ ಉಪಚಾರದಲ್ಲಿ ಸೋತವಳೆಂಬ ಹೆಸರು ಹೊತ್ತು ನಾನು ಎಷ್ಟೋ ಮದುವೆ ಮಾಡಿಸಿಕೊಟ್ಟಿದ್ದೇನೆ. ಅದೇ ಡೈರಿಯ ಮುಂದೆ ಅದೇ ಬಾಯಿಂದ "ನಮ್ಮ ಬೀಗಿತ್ತಿ ನನ್ನ ಸಮುದ್ರದ ಮೇಲೆ ರಾಣಿ ಹಂಗೆ ನೋಡ್ಕಂಡ್ಲು" ಎಂಬ ಮಾತು ಬರಬೇಕು. ಈ ಪ್ರವಾಸಕ್ಕೆ ಹೊರಟಿದ್ದು ಅದೊಂದಕ್ಕೇ. ನಮ್ಮ ಯಜಮಾನರಿಗೆ ನೀರು ಕಂಡರಾಗದು, ಬೀಗರು ಹಸು ಬಿಟ್ಟು ಬರುವವರಲ್ಲ. ಹಾಗಾಗಿ ಹೊರಟವರು ನಾವಿಬ್ಬರು ಹೆಂಗಸರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಅವರ ಎಲೆಅಡಿಕೆ ಚೀಲ ಬಿಡಿಸಿದ್ದೆ. "ಸಿಂಗಪುರದಲ್ಲಿ ಬಾಯಿ ಕೆಂಪಗಿದ್ದರೆ ಹಿಡ್ಕೊಂಡು ಹೋಗ್ತಾರಂತೆ" ಎಂದು ಹೆದರಿಸಿದ್ದೆ. ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ, ಹೇಳಿದ ಧಾಟಿ ಮಾತ್ರ ಗಟ್ಟಿಯಾಗಿತ್ತು. ಅವರು ಚೀಲವನ್ನು ಕಸದ ಡಬ್ಬಕ್ಕೆ ಹಾಕಿದರು. ಚೀಲ ಡಬ್ಬಕ್ಕೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅದರೊಳಗೆ ಏನಿತ್ತು, ಏನಿರಲಿಲ್ಲ ಎಂದು ನೋಡಲಿಲ್ಲ.

ಒಳಕೋಣೆ

ನಮ್ಮದು ಹಡಗಿನ ಹೊಟ್ಟೆಯೊಳಗಿನ ಕೋಣೆ. ಕಿಟಕಿ ಇಲ್ಲ. ಮಂಡ್ಯದ ಟ್ರಾವೆಲ್ಸ್‌ನವನೊಡನೆ ಹಗ್ಗಜಗ್ಗಾಡಿ ಅದನ್ನೇ ಹಿಡಿದಿದ್ದೆ. "ಮೇಡಂ, ದಯವಿಟ್ಟು ಕಿಟಕಿ ಇರೋದು ತಗೊಳ್ಳಿ" ಎಂದು ಅವನು ಅಂಗಲಾಚಿದ್ದ. "ಮಲಗೋಕೆ ಕಿಟಕಿ ಯಾತಕಪ್ಪಾ? ಸಮುದ್ರ ಹೊರಗಡೆ ತಾನೇ ಇರೋದು, ಹೊರಗೆ ಹೋಗಿ ನೋಡ್ತೀವಿ" ಎಂದಿದ್ದೆ. ಎಷ್ಟು ಜಾಣತನದ ಮಾತು ಆಡಿದೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಮೆಚ್ಚಿಕೊಂಡಿದ್ದೆ. ಈ ಬರಹ ಓದಿ ಹಡಗು ಹತ್ತುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಊಟದಲ್ಲಿ ಚೌಕಾಶಿ ಮಾಡಿ, ಸುತ್ತಾಟದಲ್ಲಿ ಮಾಡಿ, ಕಿಟಕಿಯಲ್ಲಿ ಮಾಡಬೇಡಿ.

ಬೇರೆಯವರ ಕಟ್ಟಡಕ್ಕೆ ಕಾಲಿಟ್ಟರೆ ನನ್ನ ಕಣ್ಣು ತಾನಾಗಿ ಮೂಲೆ ಹುಡುಕುತ್ತದೆ. ದೊಡ್ಡ ಹಜಾರದಲ್ಲಿ ಗಾಜಿನ ಗೊಂಚಲು ದೀಪ, ಯಾರೋ ಪಿಯಾನೊ ನುಡಿಸುತ್ತಿದ್ದರು, ಎಲ್ಲರೂ ಗಂಧರ್ವರ ಹಾಗೆ ತೇಲಿಕೊಂಡು ಓಡಾಡುತ್ತಿದ್ದರು. ಗೋಡೆಯ ಪಕ್ಕ ಆಳೆತ್ತರದ ಹೂಕುಂಡ. ಅದು ನಿಂತ ಜಾಗ ನೋಡಿದೊಡನೆ ತಿಳಿಯಿತು, ಹಿಂದೆ ತೇವ ಇದೆ ಎಂದು. ಬಗ್ಗಿ ನೋಡಿದೆ. ಇತ್ತು. ಈ ಉಪಾಯವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮಂಟಪದ ಒಂದು ಮೂಲೆಯಲ್ಲಿ ಕ್ರೋಟನ್ ಗಿಡವೊಂದು ಇದೇ ಕೆಲಸ ಮಾಡಿಕೊಂಡಿದೆ.

ಆಮೇಲೆ ಒಂದೊಂದೇ ಕಂಡವು. ಈಜುಕೊಳದಲ್ಲಿ ನೀರಿಲ್ಲ, ಮೇಲೆ ಬಲೆ ಹೊದಿಸಿದ್ದರು. ಲಿಫ್ಟೊಂದಕ್ಕೆ ಅಡ್ಡಪಟ್ಟಿ. ನಮ್ಮ ಕೋಣೆಯ ಮುಂದಿನ ಓಣಿಯ ರತ್ನಗಂಬಳಿಯಲ್ಲಿ ನೆನೆದ ಗೋಣಿಚೀಲದ ವಾಸನೆ. ಮೇಲಿನ ಮಾಳಿಗೆಯ ಕಟಕಟೆಗೆ ಬಳಿದ ಬಿಳಿ ಬಣ್ಣದಡಿ ತುಕ್ಕು ಹಪ್ಪಳದ ಹಾಗೆ ಉಬ್ಬಿತ್ತು. ಆಗಲೇ ಕತ್ತಲಾಗಿದ್ದರಿಂದ ಸಮುದ್ರ ಕಾಣಲಿಲ್ಲ. ದೀಪಗಳ ಆಚೆ ಏನೋ ಒಂದು ದೊಡ್ಡದು ಉಸಿರಾಡುತ್ತಿರುವುದು ಮಾತ್ರ ಕೇಳುತ್ತಿತ್ತು.

"ಬೆಳಿಗ್ಗೆ ನೋಡಣ ಬುಡು" ಎಂದರು ತಾಯಕ್ಕ. "ಓಡೋಗ್ತದಾ?"

ಕೋಣೆಗೆ ಬಂದು ದೀಪ ಆರಿಸಿದರೆ ಅಂಥ ಕತ್ತಲನ್ನು ನಾನು ಕಂಡಿರಲಿಲ್ಲ. ತಂಪು ಗಾಳಿಯ ಜಾಲರಿಯಿಂದ ತಾಯಕ್ಕನ ದಿಂಬಿನ ಮೇಲೆ ಟಪ್ ಟಪ್ ಎಂದು ನೀರು ತೊಟ್ಟಿಕ್ಕುತ್ತಿತ್ತು. ನನಗೆ ಮೈ ಉರಿಯಿತು. ಬೀಗಿತ್ತಿಯ ತಲೆಯ ಮೇಲೆ ನೀರು! ಇದು ಡೈರಿಯ ಮುಂದೆ ಯಾವ ರೂಪ ತಾಳಬಹುದೆಂದು ನೆನೆದರೆ ನಿದ್ದೆ ಹಾರಿಹೋಯಿತು. ಅವರು ಮಾತ್ರ ಎದ್ದು ಹನಿಯ ಕೆಳಗೆ ಲೋಟ ಇಟ್ಟು, ದಿಂಬನ್ನು ಕಾಲ ಕಡೆಗೆ ತಿರುಗಿಸಿಕೊಂಡರು.

"ಮಳೆಗಾಲದಲ್ಲಿ ನಮ್ ಕೊಟ್ಟಿಗೇಲೂ ಇಂಗೇ ಆಯ್ತದೆ. ಅಸ ಏನಾರ ಕೇಳ್ತದಾ?"

ಇದು ಸಮಾಧಾನವೋ ಚುಚ್ಚುಮಾತೋ ತಿಳಿಯದೆ ನಾನು ತೊಟ್ಟಿಕ್ಕುವುದನ್ನೇ ಕೇಳುತ್ತಾ ಮಲಗಿದೆ.

ಮೊದಲ ಬೆಳಗು

ಹೊತ್ತು ಮೂಡಿದ್ದು ನಮಗೆ ತಿಳಿದಿದ್ದು ಗಡಿಯಾರದಿಂದ. ತಾಯಕ್ಕನಿಗೆ ತಲೆ ಸುತ್ತು. "ನೆಲ ನಿಲ್ತಾ ಇಲ್ಲ ಕಣವ್ವ. ನೀನ್ ಓಗಿ ತಿಂದ್ಕಂಡು ಬಾ" ಎಂದರು.

ಊಟದ ಮನೆಯ ಬಾಗಿಲಲ್ಲಿ ಒಬ್ಬ ಪುಟ್ಟ ಗಿಟಾರ್ ಹಿಡಿದು, ಕೈ ತೊಳೆಯಿರಿ ಕೈ ತೊಳೆಯಿರಿ ಎಂದು ಹಾಡುತ್ತಿದ್ದ. ಇನ್ನೊಬ್ಬಳು ಎಲ್ಲರ ಅಂಗೈಗೆ ಔಷಧಿ ನೀರು ಚಿಮುಕಿಸುತ್ತಿದ್ದಳು. ನಮ್ಮಲ್ಲಿ ಪನ್ನೀರು ಚಿಮುಕಿಸುವ ಹಾಗೆಯೇ. ಆದರೆ ಮದುವೆಮನೆಯ ಮುಖ ಅವಳದಾಗಿರಲಿಲ್ಲ. ಪಕ್ಕದ ಮೇಜಿನಲ್ಲಿ ಗುಸುಗುಸು ಕೇಳಿತು. ಹಡಗಿನಲ್ಲಿ ವಾಂತಿಭೇದಿ ಹಬ್ಬಿದೆಯಂತೆ, ಅದು ಬಂದವರನ್ನೆಲ್ಲ ಕೋಣೆಯಲ್ಲೇ ಕೂಡಿಹಾಕುತ್ತಿದ್ದಾರಂತೆ.

ನಾನು ಹೋದದ್ದು ದೂರು ಕೇಳುವ ಕೌಂಟರಿಗೆ. ಅಲ್ಲಿ ಆಗಲೇ ಜನ ಸೇರಿದ್ದರು. ಒಬ್ಬರ ಕೋಣೆಯ ಕಕ್ಕಸು ನೀರೆಳೆಯುತ್ತಿಲ್ಲ, ಇನ್ನೊಬ್ಬರ ಹಾಸಿಗೆಯ ಕಾಲು ಮುರಿದಿದೆ. ಒಬ್ಬ ಗುಜರಾತಿ ಯಜಮಾನರು ತುಕ್ಕಿನ ಫೋಟೊಗಳನ್ನು ಮೊಮ್ಮಗುವಿನ ಫೋಟೊ ತೋರಿಸುವಷ್ಟು ಅಕ್ಕರೆಯಿಂದ ಎಲ್ಲರಿಗೂ ತೋರಿಸುತ್ತಿದ್ದರು. ಕೌಂಟರಿನ ಹುಡುಗಿ ಎಲ್ಲರಿಗೂ ಒಂದೇ ಮಾತು: "ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ." ಅವಳ ನಗು ಗಾಜಿನ ಹಾಗಿತ್ತು, ಏನು ಎಸೆದರೂ ಜಾರಿ ಕೆಳಗೆ ಬೀಳುತ್ತಿತ್ತು. ಇಂಥವರ ಹತ್ತಿರ ಕೂಗಾಡಬಾರದು. ಕೂಗಿದವರಿಗೆ ಅವರು ನಗು ಕೊಡುತ್ತಾರೆ, ಕೂತವರಿಗೆ ಕೋಣೆ. ನಾನು ಕುರ್ಚಿ ಎಳೆದು ಅವಳ ಎದುರಿಗೇ ಕುಳಿತೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ತೊಟ್ಟಿಕ್ಕುವ ಜಾಲರಿಯಿಂದ ಹಿಡಿದು ಹೂಕುಂಡದ ಹಿಂದಿನ ತೇವದವರೆಗೆ ನಿಧಾನವಾಗಿ ಹೇಳಿದೆ. ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಹೂಕುಂಡದ ಮಾತಿಗೆ ಅವಳ ನಗು ಮೊದಲ ಬಾರಿ ಅಲುಗಿತು. ಕಿಟಕಿ ಇರುವ ಕೋಣೆ ಖಾಲಿಯಾದರೆ ನಿಮಗೇ ಎಂದು ಕಂಪ್ಯೂಟರಿನಲ್ಲಿ ಏನೋ ಬರೆದುಕೊಂಡಳು.

ಗೆದ್ದೆ ಎಂದುಕೊಂಡು ಓಣಿಗೆ ಬಂದರೆ ನಮ್ಮ ಬಾಗಿಲು ತೆರೆದಿತ್ತು.

ಒಳಗೆ ಮುಖಗವಸು ಹಾಕಿಕೊಂಡ ಇಬ್ಬರು. ಮಂಚದ ಅಂಚಿನಲ್ಲಿ ತಾಯಕ್ಕ, ಕೂದಲು ಬಿಚ್ಚಿಹೋಗಿದೆ, ಕಣ್ಣು ಇಳಿದಿದೆ. ಬಿಳಿ ಟವೆಲ್ಲು, ಬಿಳಿ ಬೋಗುಣಿ, ಎರಡರಲ್ಲೂ ಕೆಂಪು. ಕೋಣೆ ಗುಡಿಸುವ ಹೆಣ್ಣುಮಗಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನರೆಗೂದಲಿನ ಎತ್ತರದ ಡಾಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದರು. ಅದರಲ್ಲಿ ನನಗೆ ದಕ್ಕಿದ್ದು ಮೂರು ಮಾತು: ರಕ್ತ, ಆಸ್ಪತ್ರೆ, ಪೆನಾಂಗ್. ಮಾರನೆಯ ದಿನ ಹಡಗು ಪೆನಾಂಗ್ ಮುಟ್ಟುವುದಿತ್ತು. ಅಲ್ಲಿ ಇವರನ್ನು ಇಳಿಸಿ ಆಸ್ಪತ್ರೆಗೆ ಸೇರಿಸಿ ಹಡಗು ಮುಂದೆ ಹೋಗುತ್ತದೆ.

ನನ್ನ ಎದೆ ಒಡೆಯಿತು. ಆದರೆ ಮೂಗು ಒಡೆದಿರಲಿಲ್ಲ. ಆ ಬೋಗುಣಿಯಿಂದ ಬರುತ್ತಿದ್ದ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆ ಮುಗಿದ ಮೇಲೆ ಮಂಟಪದ ಗೋಡೆ ತೊಳೆಸುವವಳಿಗೆ ಗೊತ್ತಿಲ್ಲದಿರುತ್ತದೆಯೇ?

"ತಾಯಕ್ಕ, ಎಲೆಅಡಿಕೆ ಹಾಕಿದ್ರಾ?"

"ಇಲ್ಲ."

"ನಿಜ ಹೇಳಿ. ರಕ್ತ ಕಾರ್ತಾವ್ರೆ ಅನ್ಕೊಂಡವ್ರೆ ಇವರು."

"ಅನ್ಕಳ್ಳಿ. ಎಲೆ ಆಕಂಡೆ ಅಂದ್ರೆ ಇಡ್ಕಂಡೋಯ್ತಾರೆ ಅಂತ ನೀನೇ ಅಂದ್ಯಲ್ಲ."

"ಆಸ್ಪತ್ರೆಗೆ ಹಾಕ್ತಾರಂತೆ."

"ಆಕ್ಲಿ."

"ಒಬ್ಬರನ್ನೇ ಕಣಕ್ಕ. ಗೊತ್ತಿಲ್ಲದ ಊರಲ್ಲಿ."

ಅವರು ಸೊಂಟದ ಸೀರೆಯ ಮಡಿಕೆಯಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದು, ನನ್ನ ಮುಖ ನೋಡದೆ ಹಾಸಿಗೆಯ ಮೇಲಿಟ್ಟರು. "ತಲೆ ತಿರುಗ್ತಿತ್ತು. ಒಂದೆಲೆ ಆಕಂಡ್ರೆ ನಿಂತ್ಕತದೆ ಅಂತ ಆಕಂಡೆ. ಅಡಗು ಒಂದ್ ಸಲ ವಾಲ್ತು ನೋಡು, ಎಲ್ಲಾ ಈಚ್ಗೆ ಬಂತು."

ಗಂಟು ಬಿಚ್ಚಿ ಡಾಕ್ಟರಿಗೆ ತೋರಿಸಿದೆ. ಹಸಿರು ಎಲೆ, ಕಂದು ಅಡಿಕೆ, ಬಿಳಿ ಸುಣ್ಣ. ಇದರಲ್ಲಿ ಕೆಂಪು ಎಲ್ಲಿದೆ ಎಂಬಂತೆ ಅವರು ನೋಡಿದರು. ಅವರ ಅನುಮಾನ ನ್ಯಾಯವಾದದ್ದೇ. ನನ್ನ ಇಂಗ್ಲಿಷು ಅಲ್ಲಿಗೆ ಮುಗಿದಿತ್ತು. ವ್ಯಾಪಾರದಲ್ಲಿ ಮಾತು ಮುಗಿದ ಮೇಲೆ ಮಾಲು ತೋರಿಸಬೇಕು. ನಾನು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ. ಜನ್ಮದಲ್ಲಿ ಎಲೆ ಹಾಕಿದವಳಲ್ಲ. ಎಲ್ಲರೂ ನಿಂತು ನನ್ನ ದವಡೆಯನ್ನೇ ನೋಡುತ್ತಿದ್ದರು. ಅಗಿದೆ, ಅಗಿದೆ, ಕಣ್ಣಲ್ಲಿ ನೀರು ಬಂತು, ಕಿವಿ ಬಿಸಿಯಾಯಿತು, ಕೋಣೆ ನಾಲೆಯ ನೀರಿನಂತೆ ಸುಳಿಯಿತು. "ಸುಣ್ಣ ಜಾಸ್ತಿ ಆಕಂಡೆ ಕಣೆ" ಎಂದರು ತಾಯಕ್ಕ, ರೋಗಿಯಾಗಿದ್ದರೂ ತಡೆಯಲಾರದೆ. ಇನ್ನೊಂದು ಬಿಳಿ ಬೋಗುಣಿ ಎತ್ತಿಕೊಂಡು ಉಗುಳಿದೆ.

ಕೆಂಪು.

ಡಾಕ್ಟರು ಎರಡೂ ಬೋಗುಣಿಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಓಣಿಯಿಂದ ಒಬ್ಬ ನರ್ಸನ್ನು ಕರೆಸಿದರು. ಹೆಸರು ಸೆಲ್ವಿ, ಮಲೇಶಿಯಾದ ತಮಿಳು ಹೆಣ್ಣು. ಬಾಗಿಲಿಗೆ ಬಂದವಳೇ ವಾಸನೆ ಹಿಡಿದು, ಮುಖಗವಸಿನೊಳಗೇ ನಕ್ಕುಬಿಟ್ಟಳು.

ಸೆಲ್ವಿ ತಂದ ಮಾತು

ಸೇಲಂ ಕಡೆಯ ಪಾತ್ರೆ ವ್ಯಾಪಾರಿಗಳೊಡನೆ ಗುದ್ದಾಡಿ ನನಗೆ ತಮಿಳು ಬರುತ್ತದೆ. ಸೆಲ್ವಿ ವಿವರಿಸಿದಳು. ರಕ್ತವಲ್ಲ, ಆದ್ದರಿಂದ ಆಸ್ಪತ್ರೆಗೆ ಇಳಿಸುವುದಿಲ್ಲ. ಆದರೆ ವಾಂತಿ ವಾಂತಿಯೇ. ಹಡಗಿನಲ್ಲಿ ಕಾಯಿಲೆ ಓಡಾಡುತ್ತಿರುವಾಗ ಇದು ಬರಿಯ ತಲೆಸುತ್ತೋ ಆ ಕಾಯಿಲೆಯೋ ಹೇಳಲಾಗದು. ಡಾಕ್ಟರು ಸರಿ ಅನ್ನುವ ತನಕ ಅಮ್ಮ ಈ ಕೋಣೆ ಬಿಡುವಂತಿಲ್ಲ. ಹೇಳಿ, ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋದಳು.

ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ತಾಯಕ್ಕ ಮಾತ್ರೆ ನುಂಗಿ ಕಣ್ಣು ಮುಚ್ಚಿದ್ದರು. ಸೆಲ್ವಿಯ ಕೈಯಲ್ಲಿ ಹೊಸ ಕೀಲಿಕೈ. "ನೀವು ಬೆಳಿಗ್ಗೆ ಕೌಂಟರಿನಲ್ಲಿ ಕೇಳಿದ್ದಿರಂತೆ. ಮೇಲೆ ಒಂದು ಕೋಣೆ ಖಾಲಿಯಾಗಿದೆ. ದೊಡ್ಡ ಜನ್ನಲ್ ಇದೆ, ಹೊರಗೆ ಕೂರಲು ಜಾಗ ಇದೆ. ನಿಮಗೆ ಕಾಯಿಲೆ ಇಲ್ಲ, ನೀವು ಹೋಗಬಹುದು. ಊರುಗಳಲ್ಲಿ ಇಳಿಯಬಹುದು. ಇಲ್ಲೇ ಇದ್ದರೆ ಅಮ್ಮನ ಜೊತೆ ನೀವೂ ಒಳಗೇ."

ಜನ್ನಲ್ ಅಂದರೆ ಕಿಟಕಿ. ನಾನು ಗೆದ್ದ ಕಿಟಕಿ.

"ಇವರನ್ನೂ ಕಳಿಸಿ" ಎಂದೆ. ರೋಗಿಯನ್ನು ಅಲುಗಿಸುವಂತಿಲ್ಲ ಎಂದಳು. "ಹಾಗಾದರೆ ಇವರು ಮೇಲೆ, ನಾನು ಕೆಳಗೆ" ಎಂದೆ. ಅದೂ ಆಗದು. "ನನಗೂ ತಲೆ ಸುತ್ತುತ್ತಿದೆ" ಎಂದೆ. "ಅದು ಸುಣ್ಣ" ಎಂದಳು. ಇಷ್ಟು ಗಟ್ಟಿ ಆಸಾಮಿ ಸೇಲಂನಲ್ಲೂ ಸಿಕ್ಕಿರಲಿಲ್ಲ.

ಸುಳ್ಳು ಹೇಳಲಾರೆ, ಆ ಕೀಲಿಕೈಯನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಗಳಿಗೆ ನನ್ನ ಸುತ್ತ ನೀಲಿ ನೀಲಿಯಾಗಿ ಏನೋ ತೆರೆದುಕೊಂಡಿತು, ಗಾಳಿ ಬಂತು. ಹೋದರೆ ಏನಾಗುತ್ತದೆ? ಬೀಗಿತ್ತಿಯನ್ನು ಕತ್ತಲಲ್ಲಿ ಬಿಟ್ಟು ತಾನು ಸಮುದ್ರ ನೋಡಿದವಳು ಎಂಬ ಮಾತು ಕೊಪ್ಪದಲ್ಲಿ ತೆಳ್ಳನೆಯ ಸಾರಿನ ಪಕ್ಕದಲ್ಲೇ ಕೂರುತ್ತದೆ. ಸವಿತಾ ಅದನ್ನು ದಿನಾ ಕೇಳಬೇಕಾಗುತ್ತದೆ. ಇದು ಒಂದು ಕಾರಣ. ಇನ್ನೊಂದು, ಹೊದಿಕೆಯ ಆಚೆ ಚಾಚಿದ್ದ ತಾಯಕ್ಕನ ಪಾದ. ಸವೆದ ಕಾಲುಂಗುರ, ಒಡೆದ ಹಿಮ್ಮಡಿ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಗದ್ದೆಯ ಕಪ್ಪು. ಇವೆರಡರಲ್ಲಿ ಯಾವುದು ಹೆಚ್ಚು ತೂಗಿತು ಎಂದು ಈಗಲೂ ಹೇಳಲಾರೆ. ಕೀಲಿಕೈ ಹಿಂದಕ್ಕೆ ಕೊಟ್ಟೆ.

ಬಾಗಿಲು ಮುಚ್ಚಿದ ಮೇಲೆ ತಾಯಕ್ಕ ಕಣ್ಣು ತೆರೆಯದೆ ಕೇಳಿದರು. "ಏನಂತೆ ಆ ಎಣ್ಣು?"

"ಊಟಕ್ಕೆ ಏನು ಬೇಕು ಅಂತ ಕೇಳಿದ್ಲು."

"ಗಂಜಿ ಅನ್ಬೇಕಾಗಿತ್ತು."

ಪೆನಾಂಗ್, ಟೀವಿಯಲ್ಲಿ

ಟೀವಿಯ ಒಂದು ಚಾನೆಲ್ಲಿನಲ್ಲಿ ಹಡಗಿನ ಮೂತಿಯಲ್ಲಿಟ್ಟ ಕ್ಯಾಮೆರಾ ಏನು ನೋಡುತ್ತದೋ ಅದೇ ಬರುತ್ತಿತ್ತು. ಮಾತಿಲ್ಲ, ಸಂಗೀತವಿಲ್ಲ. ಬರೀ ನೀರು, ಬರೀ ಆಕಾಶ, ನಡುವೆ ಒಂದು ಗೆರೆ. ಅದನ್ನು ಹಾಕಿಟ್ಟು ಇಬ್ಬರೂ ಮಲಗಿದೆವು. ನೀರಿನ ಬೆಳಕು ಗೋಡೆಗಳ ಮೇಲೆ ಆಡುತ್ತಿತ್ತು. ಯಾವಾಗ ಎಚ್ಚರವಾಯಿತು, ಯಾವಾಗ ನಿದ್ದೆ ಹತ್ತಿತು ಎಂಬ ಲೆಕ್ಕ ತಪ್ಪಿಹೋಯಿತು. ನನ್ನ ಬದುಕಿನಲ್ಲಿ ಲೆಕ್ಕ ತಪ್ಪಿದ್ದು ಅದೇ ಮೊದಲು.

ಎಷ್ಟೋ ಹೊತ್ತಿನ ಮೇಲೆ ಗೆರೆಯ ಮೇಲೆ ಒಂದು ಗುಡ್ಡ ಹುಟ್ಟಿತು. ಬೆಳೆಯಿತು. ಹಸಿರಾಯಿತು. ಕಟ್ಟಡಗಳು ಎದ್ದವು. ಒಂದು ಕಟ್ಟೆ ಬಂದು ಟೀವಿಯನ್ನು ತುಂಬಿ ನಿಂತಿತು. ಅದೇ ಪೆನಾಂಗ್.

"ನಮ್ ಸಿವನಸಮುದ್ರದ ಕಡೆ ಗುಡ್ಡ ಇದ್ದಂಗೈತೆ" ಎಂದರು ತಾಯಕ್ಕ. "ಅತ್ತೋ ಅಷ್ಟೊಳ್ಗೆ ಮಂಡಿ ನೋಯ್ತಿತ್ತು. ಇಲ್ಲಿಂದ್ಲೇ ಕೈ ಮುಗಿ."

ಇಬ್ಬರೂ ಟೀವಿಗೆ ಕೈ ಮುಗಿದೆವು.

ಊಟದ ತಟ್ಟೆ ಬಾಗಿಲ ಹೊರಗೆ ಬರುತ್ತಿತ್ತು, ಬಡಿದು ಓಡಿಹೋಗುತ್ತಿದ್ದರು. ಎದುರಿನ ಕೋಣೆಗೂ ಕೆಂಪು ಚೀಟಿ. ಅಲ್ಲಿದ್ದವರು ಆಸ್ಟ್ರೇಲಿಯಾದ ಒಬ್ಬ ಮುದುಕಿ. ತಟ್ಟೆ ಎತ್ತಿಕೊಳ್ಳಲು ಬಾಗಿಲು ತೆರೆದಾಗ ನೋಡಿದರೆ, ತುಟಿಗೆ ಬಣ್ಣ, ಕೊರಳಿಗೆ ಮುತ್ತಿನ ಸರ, ಬಾಚಿದ ತಲೆ! ಯಾರಿಗಾಗಿ? ಒಂದು ಬಟ್ಟಲು ಸೂಪಿಗಾಗಿ. ಅವರು ನಮ್ಮ ಕಡೆ ಚಮಚ ಎತ್ತಿ ತೋರಿಸಿ ಒಳಗೆ ಹೋದರು. ಮುಂದಿನ ಊಟಕ್ಕೆ ನೋಡುತ್ತೇನೆ, ತಾಯಕ್ಕ ಮುಖ ತೊಳೆದು, ಜಡೆ ಹಾಕಿ, ಕುಂಕುಮವಿಟ್ಟು ಬಾಗಿಲ ಬಳಿ ಕೂತಿದ್ದಾರೆ.

"ಯಾಕಕ್ಕ?"

"ಆಯಮ್ಮ ನೋಡ್ತದಲ್ಲ. ಕೊಪ್ಪದೋರು ಕೊಳಕರು ಅನ್ಕಬಾರ್ದು."

ಗಂಜಿಗಾಗಿ ನಾನು ಅಡುಗೆಮನೆಗೆ ಫೋನ್ ಮಾಡಿ ಮಾಡಿ, ಅನ್ನವನ್ನು ಇನ್ನೂ ಬೇಯಿಸಿ, ಇನ್ನೂ, ಇನ್ನೂ ಎಂದು ಹೇಳಿ ಕೊನೆಗೆ ಗಂಜಿಯನ್ನೇ ತರಿಸಿದೆ. ಹಡಗಿನಲ್ಲಿ ಬೇಕಾದ್ದು ಸಿಗದಿದ್ದರೆ ಅದರ ಹೆಸರು ಹೇಳಬೇಡಿ, ಅದನ್ನು ಮಾಡುವ ಬಗೆ ಹೇಳಿ. ತಾಯಕ್ಕ ಕುಡಿದು ಬಟ್ಟಲು ಕೆಳಗಿಟ್ಟರು.

"ಇದು ಗಟ್ಟಿಯಾಗೈತೆ."

ನಾನು ಬಿಡಲಿಲ್ಲ. "ಮದುವೆ ಸಾರಿನ ಮಾತು ಈಗ ವಾಪಸ್ ತಗೋತೀರೋ?"

"ಯಾಕ್ ತಕಳ್ಳಿ? ಅದು ತೆಳ್ಳಗೇ ಇತ್ತು."

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಅವರಿಗೆ ಮತ್ತೆ ವಾಂತಿಯಾದೀತೆಂದು ನಾನೇ ಬಾಯಿ ಮುಚ್ಚಿಕೊಂಡೆ.

ಸದ್ದು ನಿಂತ ಊರು

ಎರಡನೆಯ ಊರು ಫುಕೆಟ್. ಅಲ್ಲಿಗೆ ಬಂದದ್ದು ನಮಗೆ ಕಿವಿಯಿಂದ ತಿಳಿಯಿತು. ಬೆನ್ನ ಕೆಳಗೆ ಆಲೆಮನೆಯ ಗಾಣದ ಹಾಗೆ ಸದಾ ಗುಂಯ್‌ಗುಡುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಓಣಿಯಲ್ಲಿ ಜನರ ಚಪ್ಪಲಿ ಸದ್ದು, ಮಕ್ಕಳ ಕೂಗು, ಆಮೇಲೆ ಅದೂ ಇಲ್ಲ. ಎಲ್ಲರೂ ಇಳಿದುಹೋದರು. ಖಾಲಿ ಹಡಗಿನ ಹೊಟ್ಟೆಯಲ್ಲಿ ನಾವಿಬ್ಬರು, ಮೊಟ್ಟೆಯೊಳಗಿನ ಮರಿಗಳ ಹಾಗೆ.

"ನಮ್ಮಲ್ಲಿ ಅಮ್ಮ ಆದ್ರೂ ಇಂಗೇ ಅಲ್ವಾ" ಎಂದರು ತಾಯಕ್ಕ. ಸಿಡುಬಿನಂಥ ಗುಳ್ಳೆಗಳೆದ್ದರೆ ನಮ್ಮೂರಲ್ಲಿ ಹಾಗೇ ಹೇಳುವುದು, ಮೈಮೇಲೆ ತಾಯಿಯೇ ಬಂದಿದ್ದಾಳೆ ಎಂದು. "ಯಾರೂ ಒಳೀಕ್ ಬರಕಿಲ್ಲ, ಬಾಗ್ಲಲ್ಲೇ ಊಟ ಇಡ್ತಾರೆ. ಆದ್ರೆ ಬೇವಿನ್ ಸೊಪ್ಪು ಸಿಗಿಸ್ತಾರೆ, ಮಸರನ್ನ ಎಡೆ ಇಡ್ತಾರೆ, ಮನೇಲಿ ಒಬ್ರೂ ಗಟ್ಟಿಯಾಗ್ ಮಾತಾಡಕಿಲ್ಲ. ದ್ಯಾವ್ರು ಮಲಗವ್ಳೆ ಅಂತ. ಇಲ್ಲಿ ಕೆಂಪು ಚೀಟಿ ಅಂಟಿಸ್ಬುಟ್ಟು ಓಡೋಯ್ತಾರೆ."

ಮಗ್ಗುಲು ಬದಲಿಸಿದರು. ಆಮೇಲೆ, "ಅಮ್ಮ ಆದಾಗ್ಲೂ ನಾನು ಮಲಗ್ನಿಲ್ಲ ಕಣೆ. ಅಸ ಕರೀಬೇಕಾಗಿತ್ತು. ಇಂಗೆ ಎದ್ದೇಳೋ ಅಂಗೇ ಇಲ್ಲ ಅಂತ ಮಲಗಿರೋದು ಇದೇ ಮೊದ್ಲು" ಎಂದರು.

ನಾನು ಟೀವಿ ನೋಡುತ್ತಿದ್ದೆ. ಕಣ್ಣು ತೂಗಿತು. ನಮ್ಮ ಮಂಟಪಕ್ಕೆ ಯಾರೋ ಸುಣ್ಣ ಬಳಿದು, ದೀಪ ಹಚ್ಚಿ, ನಾಲೆಗೆ ತಳ್ಳಿದ್ದರು. ಅದು ತೇಲುತ್ತಾ ಹೊಳಲು ಊರಿನ ಗದ್ದೆಗಳ ಪಕ್ಕ ಸಾಗಿತು. ಎರಡೂ ಕಡೆ ಕಬ್ಬು ಸೂಲಂಗಿ ಹೂ ಬಿಟ್ಟು ಬೆಳ್ಳಗೆ ಬಾಗುತ್ತಿತ್ತು, ಕೊಕ್ಕರೆಗಳು ದಾರಿ ಬಿಟ್ಟುಕೊಟ್ಟವು. ಕೊಪ್ಪದ ಬಸ್ಸು ದಡದ ಮೇಲೆ ನಮ್ಮ ಜೊತೆಜೊತೆಗೇ ಬಂತು, ಕಿಟಕಿಗಳಲ್ಲಿ ಕೂತವರೆಲ್ಲ ನನಗೆ ಗೊತ್ತಿದ್ದವರು. ಯಾರೂ ಏನನ್ನೂ ಕೇಳಲಿಲ್ಲ. ಯಾವ ಅಡುಗೆಯ ಬಗ್ಗೆಯೂ ಮಾತಾಡಲಿಲ್ಲ. ಎಚ್ಚರವಾದಾಗ ಗಾಣದ ಸದ್ದು ಮತ್ತೆ ಶುರುವಾಗಿತ್ತು. ಫುಕೆಟ್ ಹಿಂದೆ ಉಳಿದಿತ್ತು.

ಮೇಲಿನ ಮಾಳಿಗೆ

ಕೊನೆಯ ದಿನ ಸೆಲ್ವಿ ಬಂದು ಕೆಂಪು ಚೀಟಿ ಕಿತ್ತಳು. "ಹೋಗಿ, ಗಾಳಿ ಕುಡಿಯಿರಿ" ಎಂದಳು. ಸಿಂಗಪುರ ಸಮೀಪಿಸುತ್ತಿತ್ತು, ಸಮುದ್ರ ಉಳಿದಿದ್ದು ಸ್ವಲ್ಪವೇ.

ಬಾಗಿಲು ತಳ್ಳಿದ್ದೇ ತಡ, ಬೆಳಕು ಮುಖಕ್ಕೆ ಹೊಡೆಯಿತು. ಆಮೇಲೆ ಗಾಳಿ. ಆಮೇಲೆ ಅದು. ನಾನು ಏನು ಬರೆಯಲಿ? ಅಷ್ಟು ದಿನ ಟೀವಿಯಲ್ಲಿ ಕಂಡದ್ದಕ್ಕೆ ಈಗ ಸುತ್ತಲೂ ಅಂಚೇ ಇರಲಿಲ್ಲ. ತಾಯಕ್ಕ ಸೆರಗನ್ನು ತಲೆಗೆ ಬಿಗಿದುಕೊಂಡು ಕಟಕಟೆಯ ಬಳಿ ನಿಂತರು. ತುಟಿ ನೆಕ್ಕಿಕೊಂಡರು. ಹಿಡಿದ ಕಂಬಿಯಿಂದ ಕೈಗೆ ತುಕ್ಕು ಅಂಟಿತು, ಸೀರೆಗೆ ಒರೆಸಿಕೊಂಡರು. ಸ್ವಲ್ಪ ಆಚೆ ಇಬ್ಬರು ಆ ತುಕ್ಕಿನ ಮೇಲೆಯೇ ಬಿಳಿ ಬಣ್ಣ ಬಳಿಯುತ್ತಿದ್ದರು.

"ಮದ್ವೆ ಇದ್ದಾಗ ನೀನು ಸುಣ್ಣ ಒಡಿಸ್ತೀಯಲ್ಲ, ಅಂಗೆ" ಎಂದರು. ಅಷ್ಟೇ. ಸಮುದ್ರದ ಬಗ್ಗೆ ಒಂದು ಮಾತಿಲ್ಲ.

"ಹೆಂಗಿದೆ ತಾಯಕ್ಕ?" ಎಂದು ಕೇಳಿದೆ. ಇನ್ನೊಮ್ಮೆ ಕೇಳಿದೆ. ಗಾಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಹೇಳಲಿಲ್ಲವೋ. ಎದುರು ಕೋಣೆಯ ಮುದುಕಿಯೂ ಮುತ್ತಿನ ಸರ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತರು. ಮೂವರೂ ಕಂಬಿ ಹಿಡಿದು ನಿಂತಿದ್ದೆವು. ನಿಂತಲ್ಲೇ ನಿಂತ ಹಡಗುಗಳು ಒಂದೊಂದಾಗಿ ಕಾಣಿಸಿಕೊಂಡವು. ನೀರು ಹಸಿರಾಯಿತು, ಕಂದಾಯಿತು. ದಡ ಬಂತು.

ಇಳಿದ ಮೇಲೆ

ಬಂದರಿನ ಹೊರಗೆ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆವು. ನೆಲ ಇನ್ನೂ ತೂಗುತ್ತಿತ್ತು. ಹಡಗಿನಲ್ಲಿ ಸತ್ತಿದ್ದ ನನ್ನ ಫೋನಿಗೆ ಜೀವ ಬಂದದ್ದೇ ಸವಿತಾ ಕರೆದಳು. ನಾನು ಹಲೋ ಅನ್ನುವ ಮೊದಲೇ ತಾಯಕ್ಕ ಕಿತ್ತುಕೊಂಡು, ಕೊಪ್ಪದಲ್ಲಿ ಮಾತಾಡುವಂತೆಯೇ ಸ್ಪೀಕರು ಹಾಕಿ ಬಾಯಿಯ ಮುಂದೆ ಹಿಡಿದರು.

"ಅತ್ತೆ, ಪೆನಾಂಗ್ ಹೆಂಗಿತ್ತು?"

"ನೋಡ್ನಿಲ್ಲ."

"ಮತ್ತೆ ಆ ಇನ್ನೊಂದೂರು?"

"ಅದೂ ನೋಡ್ನಿಲ್ಲ. ವಾಂತಿ ಆಯ್ತು ಅಂತ ಕೂಡಾಕ್ಬುಟ್ರು. ಕಿಟ್ಕಿನೂ ಇರ್ನಿಲ್ಲ. ನಿಮ್ಮವ್ವ ಚೌಕಾಸಿ ಮಾಡಿ ಇಡಿದಿದ್ದ ಕ್ವಾಣೆ."

ನಾನು ರಸ್ತೆ ನೋಡಿದೆ. ಹಾಲಿನ ಡೈರಿ, ಕ್ಯಾನು ಹಿಡಿದು ನಿಂತ ಸಾಲು, ಎಲ್ಲರೂ ಇತ್ತ ತಿರುಗಿದ ಹಾಗಾಯಿತು.

"ಅಯ್ಯೋ! ಅಮ್ಮ ಎಲ್ಲಿದ್ರು?"

"ಎಲ್ಲಿರ್ತಾಳೆ? ನನ್ ಪಕ್ಕದಲ್ಲೇ ಬಿದ್ದಿದ್ಲು. ಬ್ಯಾರೆ ಕ್ವಾಣೆ ಕೊಡ್ತೀವಿ, ಜನ್ನಲ್ ಐತೆ, ಬಾ ಅಂತ ಆ ನರ್ಸಮ್ಮ ಕೀಲಿಕೈ ತಂದು ಕೈಗೇ ಕೊಟ್ಲು. ಓಗ್ನಿಲ್ಲ. ನಂಗೆ ತಿಳೀನಿಲ್ಲ ಅನ್ಕಂಡವ್ಳೆ. ವರ್ಸಾ ವರ್ಸಾ ಕಬ್ಬು ಕಡಿಯಾಕ್ ಬರೋ ತಮಿಳ್ನೋರ್ ತಾವ ಮಾತಾಡೋಳು ನಾನಲ್ವಾ?"



"ಸಮುದ್ರ ನೋಡಿದ್ರೋ ಇಲ್ವೋ ಅತ್ತೆ?"

"ನೋಡ್ದೊ ನೋಡ್ದೊ. ಅಲ್ಲಾಡ್ತಾ ಇತ್ತು."

ಫೋನನ್ನು ನನ್ನ ಮಡಿಲಿಗೆ ಹಾಕಿ, "ತಕೊ, ನಿನ್ ಮಗ್ಳು" ಎಂದರು. ಸೆರಗು ಹೊದ್ದುಕೊಂಡು ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದರು. ಮಡಿಲಲ್ಲಿ ಸವಿತಾ "ಅಮ್ಮಾ, ಅಮ್ಮಾ" ಅನ್ನುತ್ತಲೇ ಇದ್ದಳು. ಅಲುಗಿದರೆ ಅವರಿಗೆ ಎಚ್ಚರವಾದೀತೆಂದು ನಾನು ಫೋನ್ ಎತ್ತಿಕೊಳ್ಳಲಿಲ್ಲ.